ತುಂಗಭದ್ರೆಯಿಂದ ಥೇಮ್ಸ್ ನದಿಯವರೆಗೆ

ಹರಿಹರದ ತುಂಗಭದ್ರೆಯ ದಡದಲ್ಲಿ ಕುಳಿತಿದ್ದಾಗ ದಾವಣಗೆರೆಯ ವೃದ್ಧೆಯೊಬ್ಬರು ಬಂದರು. "ಶಾಸ್ತ್ರಿಗಳೇ, ಮಗ ಲಂಡನ್ನಿಗೆ ಕರೆಯುತ್ತಾನೆ. ವಿಮಾನ ನಿಲ್ದಾಣದಲ್ಲಿ ಕೊರಳಿನ ಲಿಂಗವನ್ನು ತೆಗೆಸುತ್ತಾರಂತೆ, ನಾನು ಹೋಗಲೊಲ್ಲೆ" ಎಂದರು. ಮೊಮ್ಮಗನನ್ನು ಅವರಿನ್ನೂ ಕಂಡಿರಲಿಲ್ಲ.

ಅವರಿಗೆ ಹೇಳಿದುದನ್ನೇ ಇಲ್ಲಿ ಬರೆದಿದ್ದೇನೆ. ತಪಾಸಣೆಯ ಯಂತ್ರವು ಸದ್ದು ಮಾಡುವುದು ಲೋಹಕ್ಕೆ. ಪ್ರಯಾಣದ ದಿನ ಬೆಳ್ಳಿಯ ಕರಡಿಗೆಯನ್ನು ಬಿಟ್ಟು, ಇಷ್ಟಲಿಂಗವನ್ನು ಶುಭ್ರ ವಸ್ತ್ರದಲ್ಲಿ ಕಟ್ಟಿ ಧರಿಸಿರಿ. ಅಧಿಕಾರಿ ಕೇಳಿದರೆ ಪೂಜಾವಸ್ತುವೆಂದು ಅಳುಕದೆ ತಿಳಿಸಿರಿ. ಪ್ರತ್ಯೇಕ ಕೋಣೆಯಲ್ಲಿ ತಪಾಸಣೆಯಾಗಲೆಂದು ಕೇಳಬಹುದು. ಔಷಧಗಳು ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿರಲಿ. ತುಂಗಭದ್ರೆಯ ನೀರನ್ನು ಒಯ್ಯುವುದಾದರೆ ದೊಡ್ಡ ಪೆಟ್ಟಿಗೆಯಲ್ಲಿಡಿರಿ. ಕೈಚೀಲದಲ್ಲಿ 100 ಮಿಲಿಲೀಟರಿಗೆ ಮೀರಿದ ಸೀಸೆ ಸಲ್ಲದು. ನಮ್ಮ ದಾವಣಗೆರೆಯ ಬೆಣ್ಣೆ, ತುಪ್ಪ, ಪೇಡೆಗಳನ್ನು ಮಾತ್ರ ಮನೆಯಲ್ಲಿಯೇ ಬಿಡಿರಿ. ಭಾರತದಿಂದ ಹಾಲಿನ ಪದಾರ್ಥಗಳನ್ನು ತರುವುದು ಆ ದೇಶದಲ್ಲಿ ನಿಷಿದ್ಧ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುವುದರಿಂದ ಹೊರಗಿನ ಓಡಾಟವನ್ನು ಬೇಗ ಮುಗಿಸಿರಿ.

ಥೇಮ್ಸ್ ನದಿಯ ದಡದಲ್ಲಿ, ಪಾರ್ಲಿಮೆಂಟಿನ ಆಚೆ ದಡಕ್ಕೆ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯಿದೆ. ಅದನ್ನು ತಪ್ಪದೆ ದರ್ಶಿಸಿರಿ.

ಆ ತಾಯಿ ಹೋದರು. ತಿಂಗಳ ಬಳಿಕ ದೂರವಾಣಿಯಲ್ಲಿ ಹೇಳಿದ್ದು ಇಷ್ಟೇ: "ಮೊಮ್ಮಗನ ಹಣೆಗೆ ನಾನೇ ವಿಭೂತಿ ಹಚ್ಚಿದೆ, ಶಾಸ್ತ್ರಿಗಳೇ."