10 ಕೋಟಿ ಕಿಲೋಮೀಟರ್ ಆಚೆ ಸ್ತಬ್ಧವಾದ ಏಜೆಂಟ್

1999ರ ಮೇ 18, ಮಂಗಳವಾರ ಬೆಳಿಗ್ಗೆ. ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ (ಜೆಪಿಎಲ್) ಪರದೆಯ ಮುಂದೆ ಕೂತವರ ಎದೆ ಧಸಕ್ಕೆಂದಿತು. ನಾಸಾದ ಡೀಪ್ ಸ್ಪೇಸ್ 1 ಬಾಹ್ಯಾಕಾಶ ನೌಕೆಯ ಅಯಾನ್ ಎಂಜಿನ್ ಈ ಹೊತ್ತಿಗೆ ನಿಲ್ಲಬೇಕಿತ್ತು. ನಿಂತಿಲ್ಲ! ನೌಕೆಯನ್ನು ತಳ್ಳುತ್ತಲೇ ಇದೆ. ಅದನ್ನು ನಿಲ್ಲಿಸಬೇಕಾಗಿದ್ದ ಸಾಫ್ಟ್‌ವೇರ್ ಏಜೆಂಟ್ ತುಟಿ ಬಿಚ್ಚುತ್ತಿಲ್ಲ.

ಸುತ್ತ ಕಗ್ಗತ್ತಲೆಯ ಶೂನ್ಯ. ಭೂಮಿಯಿಂದ ಸುಮಾರು 10 ಕೋಟಿ ಕಿಲೋಮೀಟರ್ ದೂರ. ಬೆಳಕಿನ ವೇಗದಲ್ಲಿ ಕೇಳಿದರೂ ಪ್ರಶ್ನೆ ಹೋಗಿ ಉತ್ತರ ಬರಲು ಹತ್ತು ನಿಮಿಷಕ್ಕೂ ಹೆಚ್ಚು ಬೇಕು. ಓಡಿಹೋಗಿ ಸ್ವಿಚ್ ಒತ್ತೋಣವೆಂದರೆ ಅಲ್ಲಿ ಯಾರಿದ್ದಾರೆ?

ಆ ಏಜೆಂಟಿನ ಹೆಸರು ರಿಮೋಟ್ ಏಜೆಂಟ್. ನಾಸಾದ ಏಮ್ಸ್ ಕೇಂದ್ರ ಮತ್ತು ಜೆಪಿಎಲ್ ಸೇರಿ, ಲಿಸ್ಪ್ ಭಾಷೆಯಲ್ಲಿ ಕಟ್ಟಿದ ಕನಸು. ಒಳಗೆ ಮೂವರು ಜೊತೆಗಾರರು. ಒಬ್ಬ ಯೋಜನೆ ಹಾಕುವವನು. ಇನ್ನೊಬ್ಬ ಅದನ್ನು ಜಾರಿಗೆ ತರುವ ಎಕ್ಸಿಕ್ಯೂಟಿವ್. ಮೂರನೆಯದು ಕೆಟ್ಟದ್ದನ್ನು ಪತ್ತೆಹಚ್ಚುವ ಲಿವಿಂಗ್‌ಸ್ಟನ್. ಅದನ್ನು ರೂಪಿಸಿದವರು ಬ್ರಯನ್ ವಿಲಿಯಮ್ಸ್ ಮತ್ತು ಬಾಂಬೆ ಐಐಟಿಯಲ್ಲಿ ಓದಿದ ಪಿ. ಪಾಂಡುರಂಗ ನಾಯಕ್. ಹಿನ್ನೆಲೆಯಲ್ಲಿ ಹತ್ತಾರು ಕೆಲಸಗಳು ಏಕಕಾಲಕ್ಕೆ ಓಡುತ್ತವೆ, ಮಲಗುತ್ತವೆ, ಪರಸ್ಪರ ಎಬ್ಬಿಸುತ್ತವೆ. ಸೋಮವಾರವಷ್ಟೇ ನೌಕೆಯ ಚುಕ್ಕಾಣಿ ಏಜೆಂಟಿನ ಕೈಗೆ ಬಂದಿತ್ತು. ಇಪ್ಪತ್ನಾಲ್ಕು ಗಂಟೆ ಕಳೆಯುವುದರೊಳಗೆ ಈ ಮೌನ!

ಏಜೆಂಟ್ ಸತ್ತಿದೆಯೇ? ಇಲ್ಲ, ಉಸಿರಾಡುತ್ತಿದೆ. ಹಾಗಾದರೆ ಏನು ಮಾಡುತ್ತಿದೆ? ಯಾವ ಪ್ರೋಸೆಸ್ ಯಾವುದಕ್ಕಾಗಿ ಕಾದು ಕೂತಿದೆ ಎಂಬ ವಿವರವನ್ನು ತಂಡ ನೌಕೆಯಿಂದಲೇ ತರಿಸಿಕೊಂಡಿತು. ಒಂದೊಂದೇ ಸಾಲು ಓದಿದಂತೆ ಭೀಕರ ಸತ್ಯ ಬಯಲಾಯಿತು. ಎಲ್ಲರೂ ಕಾಯುತ್ತಿದ್ದಾರೆ. ಯಾರನ್ನೂ ಎಬ್ಬಿಸಲು ಯಾರೂ ಎಚ್ಚರವಿಲ್ಲ. ಡೆಡ್‌ಲಾಕ್!

ಆಗಿದ್ದಿಷ್ಟು. ಎಕ್ಸಿಕ್ಯೂಟಿವ್‌ನ ಒಂದು ಥ್ರೆಡ್, ಅಂದರೆ ಹಿನ್ನೆಲೆಯಲ್ಲಿ ಓಡುವ ಒಂದು ಕೆಲಸ, ಹೊಸ ಸುದ್ದಿ ಬಂದಿದೆಯೇ ಎಂದು ನೋಡಿತು. ಬಂದಿರಲಿಲ್ಲ. ಸರಿ, ಸುದ್ದಿ ಬರುವವರೆಗೆ ಮಲಗೋಣವೆಂದು ಹೊರಟಿತು. ನೋಡಿದ್ದಕ್ಕೂ ಮಲಗಿದ್ದಕ್ಕೂ ನಡುವಿನ ಕೂದಲೆಳೆಯಷ್ಟು ಸಮಯದಲ್ಲಿ ಸುದ್ದಿ ಬಂದೇಬಿಟ್ಟಿತು! ಬೀದಿಯಲ್ಲಿ ಯಾರೂ ಇಲ್ಲವೆಂದು ಬಾಗಿಲು ಹಾಕಿ ಒಳಗೆ ಹೋಗುವಷ್ಟರಲ್ಲಿ ಅಂಚೆಯವನು ಬಂದು ಕೂಗಿ ಹೋದಂತೆ. ಎಬ್ಬಿಸುವ ಕರೆ ವ್ಯರ್ಥವಾಯಿತು. ಥ್ರೆಡ್ ಮಲಗಿತು. ಇನ್ನು ಆ ಕರೆ ಮತ್ತೆ ಬರುವುದಿಲ್ಲ. ನೋಡುವುದು ಮತ್ತು ಮಲಗುವುದು ಎರಡನ್ನೂ ಒಂದೇ ಬೀಗದೊಳಗೆ ಕಟ್ಟಿದ್ದರೆ ಸಾಕಿತ್ತು. ಆ ಬೀಗ ಅಲ್ಲಿರಲಿಲ್ಲ. ನೆಲದ ಪರೀಕ್ಷೆಗಳಲ್ಲಿ ಒಮ್ಮೆಯೂ ತಲೆಯೆತ್ತದ ಬಗ್ ಅಂತರಿಕ್ಷದಲ್ಲಿ ಕೊರಳಿಗೆ ಬಿದ್ದಿತ್ತು.

ಇನ್ನೂ ಮೈ ಜುಮ್ಮೆನ್ನಿಸುವ ಸಂಗತಿಯಿದೆ. 1997ರಲ್ಲೇ ಕ್ಲಾಸ್ ಹ್ಯಾವ್‌ಲುಂಡ್ ಮತ್ತವರ ಸಂಗಡಿಗರು ಸ್ಪಿನ್ ಎಂಬ ಪರಿಶೀಲನಾ ಸಾಧನದಿಂದ ಇದೇ ಎಕ್ಸಿಕ್ಯೂಟಿವ್‌ನ ಒಂದು ಭಾಗವನ್ನು ಜಾಲಾಡಿ ಐದು ದೋಷ ಹಿಡಿದಿದ್ದರು. ಅವುಗಳಲ್ಲಿ ಒಂದರ ಮಾದರಿ ತದ್ವತ್ ಇದೇ! ಅಲ್ಲಿ ಸರಿಪಡಿಸಿದ್ದರು. ಅದೇ ಜಾತಿಯ ಹಾವು ಇನ್ನೊಂದು ಮಾಡ್ಯೂಲ್‌ನಲ್ಲಿ ಹೆಡೆ ಮಡಚಿ ಕೂತಿತ್ತು.

ಈಗ ನಿರ್ಧಾರದ ಗಳಿಗೆ. ಹೊಸ ಕೋಡ್ ಕಳಿಸುವುದೇ? ಅವಸರದ ತೇಪೆ ಇದ್ದ ನೌಕೆಯನ್ನೂ ಮುಳುಗಿಸಬಹುದು. ಇದೇ ಕಾಕತಾಳೀಯ ಮತ್ತೆ ಒದಗುವ ಸಂಭವ ತೀರಾ ಕಡಿಮೆ ಎಂದು ಲೆಕ್ಕ ಹಾಕಿದ ತಂಡ ಗಟ್ಟಿ ಮನಸ್ಸು ಮಾಡಿತು. ಕೋಡ್ ಮುಟ್ಟುವುದು ಬೇಡ, ಆರು ಗಂಟೆಯ ಹೊಸ ಸವಾಲು ಸಿದ್ಧಪಡಿಸಿ ಮತ್ತೆ ಓಡಿಸೋಣ!

ಮೇ 21, ಶುಕ್ರವಾರ. ಏಜೆಂಟ್ ಮತ್ತೆ ಕಣ್ಣು ಬಿಟ್ಟಿತು. ನೆಲದವರು ಬೇಕೆಂದೇ ಕೃತಕ ತೊಂದರೆಗಳನ್ನು ಒಡ್ಡಿದರು. ಒಂದು ಎಲೆಕ್ಟ್ರಾನಿಕ್ ಘಟಕ ಮಾತು ನಿಲ್ಲಿಸಿತು. ಏಜೆಂಟ್ ಅದನ್ನು ರೀಸೆಟ್ ಮಾಡಿತು. ಥ್ರಸ್ಟರ್ ಕವಾಟ ಸಿಕ್ಕಿಕೊಂಡಿತು. ಬೇರೆ ದಾರಿ ಹಿಡಿಯಿತು. ಡೆಡ್‌ಲಾಕ್ ಮರುಕಳಿಸಲಿಲ್ಲ. ಪ್ರಯೋಗದ ಗುರಿಗಳೆಲ್ಲ ನೂರಕ್ಕೆ ನೂರು ಈಡೇರಿದವು. ಅದೇ ನೌಕೆ 2001ರ ಸೆಪ್ಟೆಂಬರಿನಲ್ಲಿ ಬೊರೆಲಿ ಧೂಮಕೇತುವಿನ ಹತ್ತಿರ ಹಾದು ಅದರ ನಡುವಿನ ಗಟ್ಟಿ ತಿರುಳನ್ನು ಕ್ಯಾಮೆರಾದಲ್ಲಿ ಸೆರೆಹಿಡಿಯಿತು.

ಇಂದು ನಮ್ಮ ಲ್ಯಾಪ್‌ಟಾಪಿನಲ್ಲೇ ಏಜೆಂಟ್‌ಗಳಿವೆ. ಸರ್ವರ್ ಎಬ್ಬಿಸುತ್ತವೆ, ಪರೀಕ್ಷೆ ಓಡಿಸುತ್ತವೆ, ಅದನ್ನು ಹಿನ್ನೆಲೆಗೆ ತಳ್ಳಿ ಮುಂದಿನ ಕೆಲಸಕ್ಕೆ ಹೋಗುತ್ತವೆ. ಕುಸಿದು ಬಿದ್ದ ಪ್ರೋಸೆಸ್ ಕೂಗಿ ಹೇಳುತ್ತದೆ. ಕಾಯುತ್ತ ಕೂತದ್ದು ಎಂದೂ ಹೇಳುವುದಿಲ್ಲ. ಡೀಪ್ ಸ್ಪೇಸ್ 1 ತಂಡವನ್ನು ಕಾಪಾಡಿದ್ದು ಒಳಗೆ ಇಣುಕಲು ಇಟ್ಟುಕೊಂಡಿದ್ದ ದಾರಿ. ಆದ್ದರಿಂದ ಏಜೆಂಟಿಗೆ ಕೆಲಸ ಒಪ್ಪಿಸುವ ಮುನ್ನ ಮೂರನ್ನು ಖಚಿತಪಡಿಸಿಕೊಳ್ಳಿ: ಏನೇನು ಓಡುತ್ತಿದೆ ಎಂಬ ಪಟ್ಟಿ ಸಿಗಬೇಕು, ಪ್ರತಿಯೊಂದರ ಲಾಗ್ ಓದಲು ಬರಬೇಕು, ಹೊರಗಿನಿಂದ ನಿಲ್ಲಿಸಲು ಸಾಧ್ಯವಾಗಬೇಕು. ಕಾಯುವಿಕೆಗೆ ಒಂದು ಗಡುವು ಹಾಕಿ. ಒಂದು ಕಡೆ ದೋಷ ಸಿಕ್ಕರೆ ಅದೇ ಮಾದರಿಯನ್ನು ಇಡೀ ಕೋಡಿನಲ್ಲಿ ಹುಡುಕದೆ ಬಿಡಬೇಡಿ.