ಕುಂಬಾರ ಕಾಯಕದ ಘನತೆ

ನಮ್ಮ ಮಗಳು ಇಂಜಿನಿಯರ್ ಉದ್ಯೋಗವನ್ನು ತೊರೆದು ಬಸವೇಶ್ವರನಗರದ ಮನೆಯಲ್ಲಿಯೇ ಮಕ್ಕಳಿಗೆ ಕುಂಬಾರಿಕೆಯನ್ನು ಕಲಿಸಲು ಮುಂದಾದಾಗ ಬಂಧುಗಳು, "ಓದಿದವಳಿಗೆ ಮಣ್ಣಿನ ಕೆಲಸವೇ?" ಎಂದರು. ಶರಣರನ್ನು ನಿತ್ಯ ಸ್ಮರಿಸುವ ನಾವು ಹೀಗೆ ಕೇಳಬಹುದೇ? ಭಾಲ್ಕಿಯ ಕುಂಬಾರ ಗುಂಡಯ್ಯನವರು ಮಡಕೆಯನ್ನು ತಟ್ಟಿದ ನಾದಕ್ಕೆ ಶಿವನೇ ಕುಣಿದನೆಂಬ ಕಥೆಯನ್ನು ಹರಿಹರನು ರಗಳೆಯಾಗಿ ಹಾಡಿದ್ದಾನೆ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಈ ವಿದ್ಯೆಗೆಂದೇ ಖಾದಿ ಗ್ರಾಮೋದ್ಯೋಗ ಆಯೋಗದ ತರಬೇತಿ ಸಂಸ್ಥೆಯಿದೆ.

ಈ ಕಾಯಕದಲ್ಲಿ ಆತುರ ಸಲ್ಲದು. ತಿಗರಿಯ ನಟ್ಟನಡುವೆ ಮಣ್ಣು ನೆಲೆಗೊಳ್ಳದಿದ್ದರೆ ಪಾತ್ರೆಯ ಗೋಡೆ ನೆಟ್ಟಗೆ ಏಳದು. ಒಳಗುಳಿದ ಪಸೆ ಆವಿಗೆಯಲ್ಲಿ ಹಬೆಯಾಗಿ ಪಾತ್ರೆಯನ್ನೇ ಸಿಡಿಸುತ್ತದೆ. ಮಕ್ಕಳು ತಾಳ್ಮೆಯನ್ನು ಕಲಿಯುವುದು ಇಲ್ಲಿಯೇ.

ಮಗಳ ಮೊದಲ ತಿಂಗಳ ಗಳಿಕೆ ಹಿಂದಿನ ಸಂಬಳದ ಕಾಲುಭಾಗವೂ ಆಗಲಿಲ್ಲ. ಅದರಲ್ಲಿಯೂ ಆಕೆ ದಾಸೋಹಕ್ಕೆಂದು ಒಂದು ಪಾಲನ್ನು ತೆಗೆದಿರಿಸಿದಳು. ಬಂಧುಗಳ ಪ್ರಶ್ನೆಗೆ ಇದಕ್ಕಿಂತ ಮಿಗಿಲಾದ ಉತ್ತರವುಂಟೇ?