ಎರಡು ವರ್ಷ ಎಲ್ಲಿದ್ದೆ?

ಮೂವತ್ತು ವರ್ಷದ ಗಂಡಸು ವಿಡಿಯೋ ಗೇಮ್ ಬಗ್ಗೆ, ಅದರಲ್ಲೂ ಗೇಮ್ ಒಳಗಿನ ಲವ್ ಸ್ಟೋರಿ ಬಗ್ಗೆ ಬರೀತಾನೆ ಅಂದ್ರೆ ನಿಮಗೆ ನಗು ಬರಬಹುದು. ನಮ್ಮಮ್ಮನಿಗೂ ಬರುತ್ತೆ. ಆದರೆ ನಮ್ಮ ಮನೆಯಲ್ಲಿ ಅಣ್ಣ-ತಂಗಿ ಮೂರು ದಿನ ಮಾತು ಬಿಟ್ಟಿದ್ದು ಇದೇ ವಿಷಯಕ್ಕೆ. ಅದಕ್ಕೇ ಬರೆಯುತ್ತಿದ್ದೇನೆ.

ಗೇಮ್ ಹೆಸರು ಮಾಸ್ ಎಫೆಕ್ಟ್. ಕೆನಡಾದ ಬಯೋವೇರ್ ಕಂಪನಿ 2007, 2010 ಮತ್ತು 2012ರಲ್ಲಿ ಮೂರು ಭಾಗವಾಗಿ ಹೊರತಂದ ಕಥೆ. ನಾವು ಕಮಾಂಡರ್ ಶೆಪರ್ಡ್. ನಾರ್ಮಂಡಿ ಅನ್ನೋ ಬಾಹ್ಯಾಕಾಶ ನೌಕೆ ನಮ್ಮದು. ಮನುಷ್ಯರು, ಅನ್ಯಗ್ರಹದವರು ಸೇರಿ ಒಂದು ತಂಡ. ವಿಶೇಷ ಏನಂದ್ರೆ, ಮೊದಲ ಭಾಗದಲ್ಲಿ ನೀವು ಆಡಿದ ಮಾತು, ಮಾಡಿದ ಪ್ರೀತಿ ಎಲ್ಲ ಮೂರನೇ ಭಾಗದವರೆಗೂ ಹಿಂದೆ ಬರುತ್ತೆ. ನೌಕೆಯಲ್ಲಿ ಯಾರನ್ನು ಪ್ರೀತಿಸಬೇಕು ಅನ್ನೋದೂ ನಿಮ್ಮದೇ ಆಯ್ಕೆ.

2012ರಲ್ಲಿ ನಾನು ಇಂಜಿನಿಯರಿಂಗ್ ಮೊದಲ ವರ್ಷ. ಹಾಸ್ಟೆಲ್‌ನಲ್ಲಿ ನಾಲ್ಕು ಜನಕ್ಕೆ ಒಂದು ಕಂಪ್ಯೂಟರ್. ಇಂಟರ್ನಲ್ಸ್ ಹಿಂದಿನ ರಾತ್ರಿಯೂ ನಮ್ಮ ರೂಮಿನಲ್ಲಿ ಪಕ್ಷಗಳಿದ್ದವು. ಒಬ್ಬ ಲಿಯಾರಾ ಪಕ್ಷ. ಅವಳು ನೀಲಿ ಮೈಬಣ್ಣದ ಸಂಶೋಧಕಿ, ವಯಸ್ಸು 106, ಅವಳ ಕುಲದಲ್ಲಿ ಅದಿನ್ನೂ ಎಳೇ ಪ್ರಾಯ. ಇನ್ನೊಬ್ಬ ಟಾಲಿ ಪಕ್ಷ. ಟಾಲಿಗೆ ರೋಗನಿರೋಧಕ ಶಕ್ತಿ ಕಡಿಮೆ, ಹಾಗಾಗಿ ಸದಾ ಮುಖವಾಡ. ಮೊದಲ ಭಾಗದಲ್ಲಿ ಅವಳ ಜೊತೆ ಪ್ರೀತಿಗೆ ಅವಕಾಶವೇ ಇರಲಿಲ್ಲ. ಅಭಿಮಾನಿಗಳು ಕೇಳಿ ಕೇಳಿ, ಎರಡನೇ ಭಾಗದಲ್ಲಿ ಅವಳಿಗೂ ಗ್ಯಾರಸ್‌ಗೂ ಪ್ರೇಮಕಥೆ ಬಂತು. ಮೂರನೇ ಭಾಗದಲ್ಲಿ ಅವಳ ಮುಖ ಒಂದು ಫೋಟೊದಲ್ಲಿ ಕಾಣಿಸಿದಾಗ, ಅದು ಎಲ್ಲೋ ಸಿಗೋ ಮಾಡೆಲ್ ಫೋಟೊ ತಿದ್ದಿದ್ದು ಅಂತ ಗೊತ್ತಾಗಿ ದೊಡ್ಡ ಗಲಾಟೆಯೇ ಆಯ್ತು. ನಮ್ಮ ರೂಮಿನವನು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. "ಮುಖ ನೋಡದೇ ಪ್ರೀತಿಸಿದ್ವಲ್ಲೋ, ಫೋಟೊ ಯಾರಿಗೆ ಬೇಕಿತ್ತು?" ಅನ್ನೋನು.

ನಾನು ಆಶ್ಲಿ ಪಕ್ಷ. ಆಶ್ಲಿ ವಿಲಿಯಮ್ಸ್ ಸೈನಿಕಳು, ಕವಿತೆ ಓದೋಳು, ದೇವರನ್ನು ನಂಬೋಳು. ಅವಳ ತಾತ ಯುದ್ಧದಲ್ಲಿ ಅನ್ಯಗ್ರಹದವರಿಗೆ ಶರಣಾದರು ಅನ್ನೋ ಕಳಂಕ ಇಡೀ ಮನೆತನಕ್ಕೆ ಅಂಟಿತ್ತು. ಅವಳಿಗೆ ಅನ್ಯಗ್ರಹದವರನ್ನು ಕಂಡರಾಗಲ್ಲ, ಸಣ್ಣ ಮನಸ್ಸಿನವಳು ಅಂತ ಬಹಳ ಜನರ ದೂರು. ಮನೆಯಲ್ಲಿ ಅಷ್ಟು ಅನುಭವಿಸಿದವಳಿಗೆ ಅನುಮಾನ ಇರೋದು ಸಹಜ ಅಂತ ನನ್ನ ವಾದ.

ಎರಡನೇ ಭಾಗದಲ್ಲಿ ಮಾತ್ರ ನನಗೂ ಅವಳ ಮೇಲೆ ಸಿಟ್ಟು ಬಂದಿತ್ತು. ಶುರುವಿನಲ್ಲೇ ನಾರ್ಮಂಡಿ ನಾಶವಾಗಿ ಶೆಪರ್ಡ್ ಸಾಯ್ತಾನೆ. ಸರ್ಬರಸ್ ಅನ್ನೋ ಸಂಸ್ಥೆ ಎರಡು ವರ್ಷ ಕಷ್ಟಪಟ್ಟು ಅವನನ್ನು ಬದುಕಿಸುತ್ತೆ. ಆಮೇಲೆ ಹೊರೈಜನ್ ಅನ್ನೋ ಗ್ರಹದಲ್ಲಿ ಆಶ್ಲಿ ಎದುರಾಗ್ತಾಳೆ. ಖುಷಿಯಿಂದ ತಬ್ಬಿಕೊಂಡ ಮರುಕ್ಷಣವೇ ಜಗಳ. ಬದುಕಿದ್ದರೆ ಯಾಕೆ ಒಂದು ಸುದ್ದಿ ಇಲ್ಲ? ಸರ್ಬರಸ್ ಜೊತೆ ಯಾಕೆ ಸೇರಿದೆ? ಹೊರಟೇ ಹೋಗ್ತಾಳೆ.

ಅಭಿಮಾನಿಗಳು ಇವತ್ತಿಗೂ ಕಿತ್ತಾಡೋ ದೃಶ್ಯ ಇದು. ಮೊದಲ ಭಾಗದಲ್ಲಿ ನಾವೇ ಸರ್ಬರಸ್ ಅಡ್ಡೆಗಳಿಗೆ ನುಗ್ಗಿ ಹೊಡೆದಿದ್ವಿ, ಹಾಗಾಗಿ ಅವಳ ಅನುಮಾನ ನ್ಯಾಯ ಅಂತ ಒಂದು ಗುಂಪು. ಇಲ್ಲ, ಹೊಸ ನಾಯಕಿಯರಿಗೆ ಜಾಗ ಮಾಡೋಕೆ ಇವಳನ್ನು ಬೇಕಂತಲೇ ಜಗಳಗಂಟಿ ಮಾಡಿದ್ದಾರೆ ಅಂತ ಇನ್ನೊಂದು. ನಾನು ಎರಡನೇ ಗುಂಪು. ನನ್ನ ದೊಡ್ಡ ತಕರಾರು ಏನಂದ್ರೆ, ಶೆಪರ್ಡ್‌ಗೆ ನೆಟ್ಟಗೆ ವಿವರಣೆ ಕೊಡೋ ಮಾತೇ ಅಲ್ಲಿ ಇಲ್ಲ. "ನಾನು ಸತ್ತಿದ್ದೆ ಮಾರಾಯ್ತಿ" ಅಂತ ಸಮಾಧಾನವಾಗಿ ಕೂತು ಹೇಳೋಕೆ ಬಿಟ್ಟಿದ್ದರೆ ಎಲ್ಲ ಸರಿ ಹೋಗ್ತಿತ್ತು ಅಂತ.

2021ರ ಮೇ ತಿಂಗಳಲ್ಲಿ ಮೂರೂ ಭಾಗ ಸೇರಿಸಿ ಲೆಜೆಂಡರಿ ಎಡಿಷನ್ ಬಂತು. ಲಾಕ್‌ಡೌನ್. ನಾನು ಹಾಸನದ ಮನೆಯಿಂದಲೇ ಕೆಲಸ ಮಾಡ್ತಿದ್ದೆ. ಸಂಜೆ ಲಾಗ್ ಔಟ್ ಆದ ಮೇಲೆ ಗೇಮ್. ತಂಗಿ ಪಕ್ಕದಲ್ಲಿ ಕೂತು ಸೀರಿಯಲ್ ನೋಡೋ ಹಾಗೆ ನೋಡೋಳು.

ಹೊರೈಜನ್ ದೃಶ್ಯ ಬಂದ ದಿನ ಅವಳು ಹಲಸಿನ ಹಣ್ಣು ಬಿಡಿಸ್ತಾ ಇದ್ದಳು. "ಏನ್ ಸೊಕ್ಕು ನೋಡು ಇವಳಿಗೆ. ಪಾಪ, ಅವನು ಸತ್ತು ಬದುಕಿ ಬಂದಿದಾನೆ" ಅಂದೆ.

"ಅವಳು ಕೇಳಿದ್ರಲ್ಲಿ ತಪ್ಪೇನಿದೆ? ಎರಡು ವರ್ಷ ಪತ್ತೆ ಇಲ್ಲ. ಬಂದ ತಕ್ಷಣ ಎಲ್ಲ ಮೊದಲಿನ ಹಾಗೇ ಇರಬೇಕು ಅಂದ್ರೆ ಹೇಗಣ್ಣಾ?"

"ಸತ್ತಿದ್ದ ಕಣೇ!"

ಕೈಗೆ ಹಚ್ಚಿದ ಎಣ್ಣೆ ಒರೆಸಿಕೊಳ್ತಾ ನಿಧಾನವಾಗಿ ಹೇಳಿದಳು: "ಅವನು ಸತ್ತಿದ್ದ, ಸರಿ. ನೀನು ಬದುಕೇ ಇದ್ಯಲ್ಲ?"

2018ರಿಂದ 2020ರವರೆಗೆ ನಾನು ಆನ್‌ಸೈಟ್ ಅಂತ ಜರ್ಮನಿಯಲ್ಲಿದ್ದೆ. 2019ರಲ್ಲಿ ಅಪ್ಪನಿಗೆ ಮೈಸೂರಿನಲ್ಲಿ ಬೈಪಾಸ್ ಆಯ್ತು. ನಾನು ಬರಲಿಲ್ಲ. ದುಡ್ಡು ಕಳಿಸಿದೆ, ದಿನಕ್ಕೊಂದು ಸಲ ಫೋನ್ ಮಾಡಿದೆ, ಆಮೇಲಾಮೇಲೆ ವಾರಕ್ಕೊಂದು ಸಲ. ವಾಪಸ್ ಬಂದಾಗ ಅಮ್ಮ ಒಬ್ಬಟ್ಟು ಮಾಡಿದ್ದರು. ಎಲ್ಲ ಮೊದಲಿನ ಹಾಗೇ ಇದೆ ಅಂದುಕೊಂಡಿದ್ದೆ.

ಈಗ ನನಗೆ ವಿವರಣೆ ಕೊಡೋ ಅವಕಾಶ ಇತ್ತು. ಕೊಟ್ಟೆ. ರಜೆ ಸಿಗಲಿಲ್ಲ, ರಿಲೀಸ್ ಇತ್ತು, ಮ್ಯಾನೇಜರ್ ಒಪ್ಪಲಿಲ್ಲ, ಆ ದುಡ್ಡು ಇಲ್ಲದಿದ್ದರೆ ಆಪರೇಷನ್ ಆಗ್ತಿತ್ತಾ? ಎಲ್ಲ ನಿಜವೇ. ಒಂದೊಂದು ನಿಜ ಹೇಳಿದಾಗಲೂ ಅವಳ ಮುಖ ಇನ್ನಷ್ಟು ಬಿಗಿಯಾಯ್ತು. ಎದ್ದು ಒಳಗೆ ಹೋದಳು. ಮೂರು ದಿನ ಮಾತಿಲ್ಲ.

ಮಾತಿಲ್ಲದ ಆ ಸಂಜೆಗಳಲ್ಲಿ ಒಬ್ಬನೇ ಕೂತು ಆಡಿ ಎರಡನೇ ಭಾಗ ಮುಗಿಸಿ, ಮೂರನೆಯದು ಶುರು ಮಾಡಿದೆ. ಅದರಲ್ಲಿ ಆಶ್ಲಿ ತೀವ್ರವಾಗಿ ಗಾಯಗೊಂಡು ಆಸ್ಪತ್ರೆ ಸೇರ್ತಾಳೆ. ಇಡೀ ಬ್ರಹ್ಮಾಂಡಕ್ಕೆ ಬೆಂಕಿ ಬಿದ್ದಿರೋವಾಗ ಶೆಪರ್ಡ್ ಬಿಡುವು ಮಾಡಿಕೊಂಡು ಅವಳನ್ನು ನೋಡೋಕೆ ಹೋಗಬೇಕು. ಹೋಗದೇ ಇರಬಹುದು, ಯಾರೂ ಕೇಳಲ್ಲ. ಆದರೆ ಮುಂದೆ ಇಬ್ಬರೂ ಎದುರುಬದುರು ಬಂದೂಕು ಹಿಡಿದು ನಿಲ್ಲೋ ಗಳಿಗೆ ಬರುತ್ತೆ. ಅವತ್ತು ಅವಳು ನಿಮ್ಮನ್ನು ನಂಬ್ತಾಳಾ ಇಲ್ವಾ ಅನ್ನೋದರಲ್ಲಿ ಈ ಆಸ್ಪತ್ರೆ ಭೇಟಿಗಳೂ ಲೆಕ್ಕಕ್ಕೆ ಬರುತ್ತವೆ. ಹಾಸ್ಟೆಲ್‌ನಲ್ಲಿ ಇದನ್ನು ನಾನು ಬರೀ ಪಾಯಿಂಟ್ಸ್ ಅಂತ ನೋಡಿದ್ದೆ.

ಶೆಪರ್ಡ್ ಅವಳ ಹಾಸಿಗೆ ಪಕ್ಕ ನಿಂತಿದ್ದಾಗ ಹಿಂದಿನಿಂದ ತಂಗಿಯ ದನಿ. "ಎರಡು ಕಿತ್ತಳೆ ಹಣ್ಣಾದ್ರೂ ತಗೊಂಡು ಹೋಗಬಾರದಾ?"

ನಗು ಬಂತು, ಕಣ್ಣಲ್ಲಿ ನೀರೂ ಬಂತು. ಗೇಮ್ ನಿಲ್ಲಿಸಿದೆ. "ಆಪರೇಷನ್ ದಿನ ಏನೇನಾಯ್ತು ಹೇಳು" ಅಂದೆ. ಎರಡು ವರ್ಷದಲ್ಲಿ ಒಂದು ಸಲವೂ ಇದನ್ನು ಕೇಳಿರಲಿಲ್ಲ.

ಹೇಳಿದಳು. ಫಾರ್ಮ್‌ಗೆ ಸಹಿ ಹಾಕೋವಾಗ ಕೈ ನಡುಗಿದ್ದು. ರಕ್ತಕ್ಕೆ ಕಾಲೇಜಿನ ಗೆಳೆಯರನ್ನು ಕರೆಸಿದ್ದು. ಅಮ್ಮನನ್ನು ಮಲಗಿಸಿ ತಾನು ಕಾರಿಡಾರ್‌ನಲ್ಲಿ ಕೂತು ಕೊನೇ ಸೆಮಿಸ್ಟರ್‌ಗೆ ಓದಿದ್ದು. ನನ್ನ ಫೋನ್ ಬಂದಾಗೆಲ್ಲ "ಎಲ್ಲ ಆರಾಮ್ ಅಣ್ಣಾ" ಅಂದಿದ್ದು. ನಾನು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ "ನಾನು ಬರಬೇಕಿತ್ತು" ಅಂದೆ, ಅಷ್ಟೇ.

"ಹೂಂ" ಅಂದಳು. ಸ್ವಲ್ಪ ಹೊತ್ತಿನ ಮೇಲೆ, "ಮುಂದೆ ಆಡು, ಅವಳು ಹುಷಾರಾಗ್ತಾಳಾ ನೋಡೋಣ" ಅಂದಳು.

ಆಶ್ಲಿ ಪಾತ್ರವನ್ನು ಹೊರೈಜನ್‌ನಲ್ಲಿ ಕೆಡಿಸಿದರು ಅನ್ನೋ ವಾದ ನಾನು ಈಗ ಮಾಡಲ್ಲ. ಮೈಸೂರಿನಲ್ಲಿ ಅಪ್ಪನ ಚೆಕಪ್ ಆರು ತಿಂಗಳಿಗೊಮ್ಮೆ ಇರುತ್ತೆ. ಕರೆದುಕೊಂಡು ಹೋಗೋದು ಈಗ ನನ್ನ ಕೆಲಸ. ತಂಗಿ ಮರೆಯದೇ ಕಿತ್ತಳೆ ಕಟ್ಟಿಕೊಡ್ತಾಳೆ.